ಹಾಸಿಗೆ ಹಿಡಿದ ಹಿರಿಯರ ಆರೈಕೆಯ ನಡುವೆ ಪ್ರಾರ್ಥನೆ ಮತ್ತು ಕೃತಜ್ಞತೆ: ಮನೆಯವರಿಗೆ ಒಂದು ಮಾರ್ಗದರ್ಶಿ

ಮನೆಯ ಹಿರಿಯರೊಬ್ಬರು ಲಕ್ವ ಹೊಡೆದೋ, ಸೊಂಟದ ಮೂಳೆ ಮುರಿದೋ, ಮರೆವಿನ ಕಾಯಿಲೆ ಬಲಿತೋ ಹಾಸಿಗೆ ಹಿಡಿದರೆ ಆ ಮನೆಯ ದಿನಚರಿಯೇ ಬದಲಾಗುತ್ತದೆ. ಬೆಳಗಿನ ಕಾಫಿಗೂ ಮೊದಲು ಒದ್ದೆಯಾದ ಬಟ್ಟೆ ಬದಲಿಸುವುದು, ಗಂಟೆಗೊಮ್ಮೆ ನೀರು ಕುಡಿಸುವುದು, ರಾತ್ರಿ ಎದ್ದು ಮಗ್ಗುಲು ಹೊರಳಿಸುವುದು, ಇವುಗಳ ನಡುವೆಯೇ ಅಡುಗೆ, ಮಕ್ಕಳ ಶಾಲೆ, ಕಚೇರಿ, ಔಷಧದ ಅಂಗಡಿಯ ಬಾಕಿ ಎಲ್ಲವೂ ನಡೆಯಬೇಕು. ಅದೂ ತಿಂಗಳುಗಟ್ಟಲೆ, ಕೆಲವು ಮನೆಗಳಲ್ಲಿ ವರ್ಷಗಟ್ಟಲೆ. ನೋಡಲು ಬಂದವರು “ದೇವರ ಮೇಲೆ ಭಾರ ಹಾಕಿ” ಎಂದು ಹೇಳಿ ಹೋಗುತ್ತಾರೆ. ಒಳ್ಳೆಯ ಮನಸ್ಸಿನ ಮಾತೇ ಹೌದು. ಆದರೆ ಭಾರ ಹಾಕುವುದು ಹೇಗೆ, ಯಾವ ಹೊತ್ತಿನಲ್ಲಿ, ಯಾವ ಮಾತಿನಲ್ಲಿ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಆರೈಕೆಯಲ್ಲಿ ತೊಡಗಿರುವ ಮಗಳು, ಸೊಸೆ, ಮಗ ಅಥವಾ ಸಂಗಾತಿಗೆ ಅದನ್ನು ಹೆಜ್ಜೆ ಹೆಜ್ಜೆಯಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಇಲ್ಲಿರುವ ಎಲ್ಲ ಸಲಹೆಗಳ ಹಿಂದೆ ಒಂದೇ ನಂಬಿಕೆಯಿದೆ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಇಂದು ಮಾಡಬೇಕಾದ ಒಂದು ಕೆಲಸ ಸ್ಪಷ್ಟವಾಗಿರಬೇಕು, ಕೃತಜ್ಞತೆ ಯಾರಾದರೂ ಒಬ್ಬ ಮನುಷ್ಯನನ್ನು ತಲುಪಬೇಕು. ಈ ಎರಡು ನಡೆಯದಿದ್ದರೆ ಪ್ರಾರ್ಥನೆ ಬರೀ ಕಾಯುವಿಕೆಯಾಗುತ್ತದೆ, ಕೃತಜ್ಞತೆ ಬರೀ ಬಾಯಿಮಾತಾಗುತ್ತದೆ.

ಹರಕೆಗೆ ಮೊದಲು ಆಸ್ಪತ್ರೆ

ಹೆಜ್ಜೆಗಳಿಗೆ ಹೋಗುವ ಮೊದಲು ಪ್ರಾರ್ಥನೆಯ ಮಿತಿಯನ್ನು ಸ್ಪಷ್ಟವಾಗಿ ತಿಳಿದಿರಬೇಕು. ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಅದು ಲಕ್ವದ ಲಕ್ಷಣ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಆ ಹೊತ್ತಿನಲ್ಲಿ ದೇವರ ಮುಂದೆ ದುಡ್ಡು ಕಟ್ಟಿಡುವುದಕ್ಕೂ ನಾಟಿ ಔಷಧಿಯವರನ್ನು ಹುಡುಕುವುದಕ್ಕೂ ಸಮಯ ಕಳೆಯಬಾರದು. 108ಕ್ಕೆ ಕರೆ ಮಾಡಿ, ವಾಹನ ಹತ್ತಿದ ಮೇಲೆ ಬೇಡಿಕೊಳ್ಳಿ. ಹಾಗೆಯೇ ಒಮ್ಮೆ ಲಕ್ವ ಹೊಡೆದವರ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವೈದ್ಯರು ಹೇಳದೆ ನಿಲ್ಲಿಸಬಾರದು, ಉಪವಾಸದ ದಿನವೂ.

ಪ್ರಾರ್ಥನೆಯನ್ನು ಔಷಧಿಯ ಹಾಗೆ ಅಳೆದು ನೋಡುವ ಪ್ರಯತ್ನಗಳೂ ನಡೆದಿವೆ. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳನ್ನು ಕುರಿತು ಅಮೆರಿಕದ ಆರು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅಪರಿಚಿತರು ದೂರದಿಂದ ಮಾಡಿದ ಪ್ರಾರ್ಥನೆಯಿಂದ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳು ಕಡಿಮೆಯಾಗಲಿಲ್ಲ. ಅಷ್ಟೇ ಅಲ್ಲ, ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದ ಗುಂಪಿನಲ್ಲಿ ಶೇ. 59ರಷ್ಟು ಜನರಿಗೆ ತೊಡಕು ಕಂಡರೆ, ಪ್ರಾರ್ಥನೆ ನಡೆಯುತ್ತಿದ್ದರೂ ಆ ವಿಷಯ ಖಚಿತವಾಗಿ ತಿಳಿಯದಿದ್ದವರಲ್ಲಿ ಅದು ಶೇ. 52 ಇತ್ತು. ಭಕ್ತರು ಇದರಿಂದ ನೊಂದುಕೊಳ್ಳಬೇಕಾಗಿಲ್ಲ. ಪ್ರಾರ್ಥಿಸುವವರ ಮನಸ್ಸು, ಅವರ ತಾಳ್ಮೆ, ಅವರು ಮುಟ್ಟುವ ರೀತಿ, ಮಾತಾಡುವ ರೀತಿ ಬದಲಾಗುವುದನ್ನು ಆ ಅಧ್ಯಯನ ಅಳೆಯಲು ಹೊರಟಿರಲೇ ಇಲ್ಲ. ಆರೈಕೆಯ ಮನೆಗೆ ಬೇಕಾಗಿರುವುದು ಆ ಬದಲಾವಣೆಯೇ.

ಮೊದಲ ಹೆಜ್ಜೆ: ಪ್ರಾರ್ಥನೆಯನ್ನು ಆರೈಕೆಯ ಕೆಲಸಕ್ಕೇ ಜೋಡಿಸಿಕೊಳ್ಳಿ

ಹಿರಿಯರು ಹಾಸಿಗೆ ಹಿಡಿದ ಮನೆಯಲ್ಲಿ ಮೊದಲು ತಪ್ಪುವುದು ಪೂಜೆ. ಸ್ನಾನ ಮುಗಿಸಿ, ಮಡಿಯುಟ್ಟು, ಹೂ ಕೊಯ್ದು ತಂದು ದೇವರ ಮುಂದೆ ಕೂರುವಷ್ಟರಲ್ಲಿ ಒಳಗಿನಿಂದ ಕೂಗು ಬರುತ್ತದೆ; ಎದ್ದು ಹೋಗಿ ಮಲಮೂತ್ರ ಬಳಿದ ಮೇಲೆ ಮತ್ತೆ ಸ್ನಾನ ಮಾಡಬೇಕೇ ಎಂಬ ಚಿಂತೆ. ಹೀಗೆ ಕೆಲವು ದಿನ ನಡೆದರೆ ಪೂಜೆ ಬಿಟ್ಟುಹೋಗುತ್ತದೆ, ಬಿಟ್ಟೆನಲ್ಲ ಎಂಬ ಕೊರಗು ಮಾತ್ರ ಉಳಿಯುತ್ತದೆ. ಈ ಕೊರಗನ್ನು ಮೊದಲು ಇಳಿಸಬೇಕು. ನಮ್ಮ ನಾಡಿನ ಯಾವ ಸಂಪ್ರದಾಯವೂ ರೋಗಿಯ ಆರೈಕೆಯಲ್ಲಿರುವವರಿಗೆ ಬಾಗಿಲು ಮುಚ್ಚಿಲ್ಲ. ಸಾಮಗ್ರಿಯಿಲ್ಲದೆ ಮನಸ್ಸಿನಲ್ಲೇ ಮಾಡುವ ಮಾನಸ ಪೂಜೆಗೆ ವೈದಿಕ ಮನೆತನಗಳಲ್ಲಿ ದೊಡ್ಡ ಸ್ಥಾನವಿದೆ. ಲಿಂಗಾಯತರ ಇಷ್ಟಲಿಂಗ ಮೈಮೇಲೆಯೇ ಇರುವುದರಿಂದ ಹಾಸಿಗೆಯಲ್ಲಿರುವವರೂ ಅಂಗೈಯಲ್ಲಿಟ್ಟು ಪೂಜಿಸಬಹುದು. ನಿಂತು ನಮಾಜ್ ಮಾಡಲಾಗದವರು ಕುಳಿತು, ಕೂರಲೂ ಆಗದವರು ಮಲಗಿಯೇ ಮಾಡಬಹುದೆಂಬ ಅನುಮತಿ ಇಸ್ಲಾಮಿನಲ್ಲಿದೆ. ಚರ್ಚಿಗೆ ಬರಲಾಗದ ಕಥೋಲಿಕ ರೋಗಿಗಳಿಗೆ ಗುರುಗಳು ಮನೆಗೇ ಪರಮಪ್ರಸಾದ ತಂದುಕೊಡುತ್ತಾರೆ.

ಆದ್ದರಿಂದ ಪ್ರಾರ್ಥನೆಗಾಗಿ ಬೇರೆ ಸಮಯ ಹುಡುಕುವುದನ್ನು ಸದ್ಯಕ್ಕೆ ಬಿಡಿ. ಹೇಗೂ ಮಾಡಲೇಬೇಕಾದ ಕೆಲಸಗಳಲ್ಲಿ ಮೂರನ್ನು ಆರಿಸಿಕೊಂಡು ಪ್ರಾರ್ಥನೆಯನ್ನು ಅವುಗಳಿಗೆ ಕಟ್ಟಿಹಾಕಿ. ಬೆಳಗ್ಗೆ ಮೈ ಒರೆಸುವ ಹೊತ್ತು ಮೊದಲನೆಯದು. ಬಿಸಿನೀರಿನ ಬೋಗುಣಿಯಲ್ಲಿ ಬಟ್ಟೆ ಅದ್ದಿ ಹಿಂಡಿ, ಮುಖದಿಂದ ಶುರುಮಾಡಿ ಕೈ, ಕಂಕುಳು, ಬೆನ್ನು, ಕಾಲು ಎಂದು ಒರೆಸುತ್ತ ಬರುವಾಗ ಒಂದೊಂದು ಅಂಗಕ್ಕೂ ಒಂದೊಂದು ನಾಮ ಹೇಳಿಕೊಳ್ಳಿ. ಅವಸರ ತಾನಾಗಿ ತಗ್ಗುತ್ತದೆ. ಸೊಂಟದ ಹಿಂಭಾಗ, ಹಿಮ್ಮಡಿ, ಭುಜದ ಮೂಳೆಯ ಬಳಿ ಚರ್ಮ ಕೆಂಪಾಗಿದೆಯೇ, ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಸದೆ ಉಳಿದಿದೆಯೇ ಎಂದು ನೋಡುವುದಕ್ಕೂ ಆ ನಿಧಾನದಲ್ಲಿ ವ್ಯವಧಾನ ಸಿಗುತ್ತದೆ. ಹಾಸಿಗೆ ಹುಣ್ಣಿನ ಮೊದಲ ಗುರುತು ಅದೇ. ಎರಡನೆಯದು ಮಧ್ಯಾಹ್ನ ಊಟವಾದ ಮೇಲಿನ ಅರ್ಧ ಗಂಟೆ. ತಿಂದದ್ದು ಶ್ವಾಸನಾಳಕ್ಕೆ ಇಳಿಯದಿರಲೆಂದು ಅಷ್ಟು ಹೊತ್ತು ಹಿರಿಯರನ್ನು ಒರಗಿಸಿ ಕೂರಿಸಿಯೇ ಇರಬೇಕು, ನೀವೂ ಪಕ್ಕದಲ್ಲಿ ಇರಬೇಕು. ಆ ಅರ್ಧ ಗಂಟೆಯನ್ನು ಫೋನಿಗೆ ಕೊಡುವ ಬದಲು ಒಂದು ಕೀರ್ತನೆಗೋ ಓದಿಗೋ ಕೊಡಿ. ಮೂರನೆಯದು ರಾತ್ರಿ ಮಗ್ಗುಲು ಬದಲಿಸುವ ಹೊತ್ತು. ಅದನ್ನು ಮುಂದೆ ಬೇರೆಯಾಗಿ ಹೇಳುತ್ತೇನೆ.

ಎರಡನೆಯ ಹೆಜ್ಜೆ: ಕಷ್ಟವನ್ನು ಇದ್ದ ಹಾಗೆ ಹೇಳಿ

“ಎಲ್ಲರನ್ನೂ ಚೆನ್ನಾಗಿಡಪ್ಪ” ಎಂಬ ಪ್ರಾರ್ಥನೆಯಲ್ಲಿ ದೋಷವೇನೂ ಇಲ್ಲ, ಆದರೆ ದಣಿದ ಮನಸ್ಸಿಗೆ ಅದರಿಂದ ಹಿಡಿತ ಸಿಗುವುದಿಲ್ಲ. ಏನು ನಡೆಯಿತು, ಅದರಿಂದ ನನಗೆ ಏನಾಯಿತು, ಈಗ ನಾನು ಮಾಡಬಹುದಾದದ್ದು ಯಾವುದು ಎಂಬ ಮೂರು ಮಾತುಗಳನ್ನು ನಿಮ್ಮ ಮನೆಯ ಭಾಷೆಯಲ್ಲೇ ದೇವರಿಗೆ ಹೇಳಿ. ಉದಾಹರಣೆಗೆ: “ಇವತ್ತು ಅತ್ತೆ ಗಂಜಿಯ ಬಟ್ಟಲನ್ನು ಮೂರು ಸಲ ತಳ್ಳಿದರು. ನನಗೆ ಕೋಪ ಬಂತು, ಗದರಿಬಿಟ್ಟೆ, ಈಗ ಸಂಕಟವಾಗ್ತಿದೆ. ಸಂಜೆಗೆ ಗಂಜಿ ಬಿಟ್ಟು ರಾಗಿ ಅಂಬಲಿ ಮಾಡಿ ನೋಡ್ತೀನಿ, ಆಗಲಾದರೂ ನನಗೆ ಸಮಾಧಾನ ಕೊಡು.” ಇದರಲ್ಲಿ ಸಂಸ್ಕೃತದ ಒಂದು ಅಕ್ಷರವೂ ಇಲ್ಲ, ಆದರೂ ತುಂಬಿದ ಪ್ರಾರ್ಥನೆ. ಕೊನೆಯ ಮಾತನ್ನು ಗಮನಿಸಿ: ಮಾಡುವ ಕೆಲಸ ತನ್ನದು, ಬೇಡುವ ಸಮಾಧಾನ ದೇವರದು. ಪ್ರತಿ ಪ್ರಾರ್ಥನೆಯನ್ನೂ ಹೀಗೆ ಒಂದು ಸಣ್ಣ ಕೆಲಸಕ್ಕೆ ತಂದು ನಿಲ್ಲಿಸುವ ಅಭ್ಯಾಸವಾದರೆ ಬೆಟ್ಟದಂತೆ ಕಂಡ ದಿನ ನಾಲ್ಕಾರು ಕೆಲಸಗಳಾಗಿ ಒಡೆದುಕೊಳ್ಳುತ್ತದೆ.

ದೇವರ ಮೇಲೆ ಸಿಟ್ಟಾಗುವುದು ಪಾಪವೇ ಎಂದು ಕೇಳುವವರಿದ್ದಾರೆ. ದಾಸ ಸಾಹಿತ್ಯದಲ್ಲಿ ನಿಂದಾಸ್ತುತಿ ಎಂಬ ಪ್ರಕಾರವೇ ಇದೆ. ಹರಿದಾಸರು ದೇವರನ್ನು ಹಂಗಿಸಿದ್ದಾರೆ, ತರಾಟೆಗೆ ತೆಗೆದುಕೊಂಡಿದ್ದಾರೆ, ಅದೇ ಬಾಯಲ್ಲಿ ಶರಣೆಂದಿದ್ದಾರೆ. ಬೈಬಲಿನ ಕೀರ್ತನೆಗಳಲ್ಲೂ “ಏಕೆ ಕೈಬಿಟ್ಟೆ” ಎಂಬ ಗೋಳಿನವು ಹಲವಿವೆ. ದೂರು ಹೇಳುವವನು ಇನ್ನೂ ಮಾತು ಬಿಟ್ಟಿಲ್ಲ. ಆದ್ದರಿಂದ ಸಿಟ್ಟನ್ನು ನುಂಗಬೇಡಿ, ಪ್ರಾರ್ಥನೆಯಲ್ಲೇ ಹೇಳಿಬಿಡಿ. ದೇವರಿಗೆ ಹೇಳಿದ ಸಿಟ್ಟು ಹಾಸಿಗೆಯಲ್ಲಿರುವವರ ಮೇಲೆ ತಿರುಗುವ ಸಂಭವ ಕಡಿಮೆ.

ಇನ್ನೊಂದು ಮಾತನ್ನು ಮಾತ್ರ ಮನೆಯೊಳಗೆ ಬಿಟ್ಟುಕೊಳ್ಳಬಾರದು. “ಯಾವ ಜನ್ಮದ ಪಾಪವೋ, ಅನುಭವಿಸ್ತಿದ್ದಾರೆ” ಎಂದು ರೋಗಿಯ ಕಿವಿಗೆ ಬೀಳುವಂತೆ ಹೇಳುವ ನೆಂಟರು ಎಲ್ಲ ಕಡೆಯೂ ಇರುತ್ತಾರೆ. ಕೆನೆತ್ ಪಾರ್ಗಮೆಂಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ಆಸ್ಪತ್ರೆಗೆ ದಾಖಲಾಗಿದ್ದ ಹಿರಿಯ ವಯಸ್ಸಿನ 596 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ದೇವರು ತನ್ನನ್ನು ಕೈಬಿಟ್ಟಿದ್ದಾನೆ, ದೇವರಿಗೆ ತನ್ನ ಮೇಲೆ ಪ್ರೀತಿಯಿಲ್ಲ ಎಂಬ ಭಾವನೆಯಲ್ಲಿ ತೊಳಲಾಡುತ್ತಿದ್ದವರಲ್ಲಿ ಸಾವಿನ ಪ್ರಮಾಣ ಹೆಚ್ಚಿದ್ದುದು ಅದರಲ್ಲಿ ಕಂಡುಬಂತು. ಒಂದೇ ಅಧ್ಯಯನದಿಂದ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೂ ಇಂಥ ಮಾತು ಆಡಿದವರನ್ನು ಹೊರಗಿನ ಕೋಣೆಗೆ ಕರೆದುಕೊಂಡು ಹೋಗಿ, “ಅವರ ಎದುರು ಹಾಗೆ ಹೇಳಬೇಡಿ” ಎಂದು ಮೆತ್ತಗೆ, ಆದರೆ ಖಂಡಿತವಾಗಿ ಹೇಳಲು ಇಷ್ಟು ಸಾಕು.

ಮೂರನೆಯ ಹೆಜ್ಜೆ: ರಾತ್ರಿಯ ಹೊತ್ತಿಗೆ ನಿಧಾನ ಜಪ

ಅಲುಗಾಡಲಾಗದ ರೋಗಿಯನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಏರ್ ಬೆಡ್ ಇದ್ದರೂ ಬದಲಿಸುವುದನ್ನು ಬಿಡುವಂತಿಲ್ಲ. ರಾತ್ರಿ ಎದ್ದು ಬಂದವರಿಗೆ ಮತ್ತೆ ನಿದ್ದೆ ಹತ್ತುವುದೇ ದೊಡ್ಡ ಕಷ್ಟ. ಇಲ್ಲಿ ಜಪ ನೆರವಾಗುತ್ತದೆ. ಕಥೋಲಿಕರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನೂ ಬೌದ್ಧ ಮಂತ್ರವೊಂದನ್ನೂ ಪಠಿಸುವಾಗ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆ, ಆ ಲಯ ಹೃದಯ ಮತ್ತು ರಕ್ತನಾಳಗಳ ಸಹಜ ನಿಯಂತ್ರಣಕ್ಕೆ ಹಿತವಾಗುತ್ತದೆ ಎಂದು ಇಟಲಿಯ ಲೂಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. 23 ಜನರ ಸಣ್ಣ ಪ್ರಯೋಗ ಅದು. ಆದರೆ ಅನುಭವಸ್ಥರು ಮೊದಲಿನಿಂದ ಹೇಳುತ್ತ ಬಂದಿರುವುದಕ್ಕೆ ಹೊಂದಿಕೊಳ್ಳುತ್ತದೆ.

ಹಿರಿಯರನ್ನು ಹೊರಳಿಸಿ, ಬೆನ್ನಿಗೂ ಮೊಣಕಾಲುಗಳ ನಡುವೆಯೂ ದಿಂಬು ಕೊಟ್ಟು, ಹಾಸಿಗೆಯ ಮಡಿಕೆ ಬಿಡಿಸಿದ ಮೇಲೆ ಅಲ್ಲೇ ಕುಳಿತುಕೊಳ್ಳಿ. ಉಸಿರು ಎಳೆದುಕೊಂಡು, ಬಿಡುವಾಗ ನೀವು ನೆನೆಯುವ ದೇವರ ನಾಮವನ್ನು ಪೂರ್ತಿ ನಿಧಾನವಾಗಿ ಹೇಳಿಕೊಳ್ಳಿ. ಐದು ನಿಮಿಷ ಸಾಕು. ಎಣಿಕೆ ಬೇಡ, ಸಾವಿರದೆಂಟರ ಸಂಕಲ್ಪವೂ ಈಗ ಬೇಡ.

ನಾಲ್ಕನೆಯ ಹೆಜ್ಜೆ: ಕೃತಜ್ಞತೆಯನ್ನು ಬರೆದಿಡಿ

ಕೃತಜ್ಞತೆಯ ಹೆಸರಿನಲ್ಲಿ ನಾವು ಸಾಮಾನ್ಯವಾಗಿ ಮಾಡುವುದು ಹೋಲಿಕೆ. “ಪಕ್ಕದ ಬೀದಿಯವರ ಗತಿ ನೋಡು, ನಮ್ಮದು ಎಷ್ಟೋ ವಾಸಿ” ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಇನ್ನೊಬ್ಬರ ದುಃಖದ ಮೇಲೆ ನಿಂತ ಈ ಸಮಾಧಾನ ಹೆಚ್ಚು ದಿನ ಬಾಳುವುದಿಲ್ಲ, ಅವರಿಗೂ ಅದು ನ್ಯಾಯವಲ್ಲ. ನಮ್ಮ ಮನೆಯಲ್ಲಿ, ಇಂದು, ಯಾರಿಂದ ಯಾವ ಒಳ್ಳೆಯದು ಆಯಿತು ಎಂದು ಬಿಡಿಬಿಡಿಯಾಗಿ ಗುರುತಿಸುವುದು ನಿಜವಾದ ಅಭ್ಯಾಸ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಒಂದು ನರಸ್ನಾಯು ರೋಗವಿದ್ದವರನ್ನು ಕುರಿತದ್ದು. ಕೃತಜ್ಞತೆಯೆನಿಸಿದ ಸಂಗತಿಗಳನ್ನು ಮೂರು ವಾರ ದಿನವೂ ಬರೆದಿಟ್ಟವರು, ಬರೆಯದವರಿಗಿಂತ ಹೆಚ್ಚು ನೆಮ್ಮದಿಯಿಂದ ಇದ್ದರು, ಚೆನ್ನಾಗಿ ನಿದ್ದೆ ಮಾಡಿದರು. ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರ 2005ರ ಅಧ್ಯಯನದಲ್ಲಿ ಒಂದು ವಾರ ಪ್ರತಿ ರಾತ್ರಿ ಮೂರು ಒಳ್ಳೆಯ ಸಂಗತಿಗಳನ್ನೂ ಅವು ಯಾಕಾದವು ಎಂಬುದನ್ನೂ ಬರೆದವರಲ್ಲಿ ಅದರ ಗುಣ ಆರು ತಿಂಗಳವರೆಗೂ ಕಾಣಿಸಿತು. ವಾರ ಮುಗಿದ ಮೇಲೂ ತಾವಾಗಿ ಮುಂದುವರಿಸಿದವರಲ್ಲಿ ವಿಶೇಷವಾಗಿ. ಯಾಕೆ ಆಯಿತು ಎಂದು ಬರೆಯುವುದನ್ನು ಬಿಡಬೇಡಿ. ಕಾರಣ ಹುಡುಕಲು ಹೊರಟರೆ ಅದರ ಹಿಂದಿನ ಮನುಷ್ಯ ಕಾಣಿಸುತ್ತಾನೆ.

ಇದಕ್ಕೆ ಹೊಸ ಡೈರಿ ಬೇಕಾಗಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದೆಯಲ್ಲ, ಅದರ ಪ್ರತಿ ದಿನದ ಚೌಕದಲ್ಲಿ ಒಂದು ಸಾಲಿಗೆ ಜಾಗ ಇದ್ದೇ ಇರುತ್ತದೆ. ನಾನು ಕಂಡ ಒಂದು ಮನೆಯ ಕ್ಯಾಲೆಂಡರಿನಲ್ಲಿ “1 ಲೀ.” ಎಂಬುದರ ಕೆಳಗೆ ಪೆನ್ಸಿಲಿನಲ್ಲಿ “ಮಾವ ಬಲಗೈ ಬೆರಳು ಮಡಚಿದರು” ಎಂದಿತ್ತು, ಇನ್ನೊಂದು ಚೌಕದಲ್ಲಿ “ಮೇಲಿನ ಮನೆಯವರು ಸಾರು ಕೊಟ್ಟರು”, ಮತ್ತೊಂದರಲ್ಲಿ ಬರೀ “ನಿದ್ದೆ” ಎಂದಿತ್ತು. ಆ ತಿಂಗಳ ಫಿಸಿಯೋಥೆರಪಿಯವರು ಬಂದಾಗ ಬೆರಳು ಯಾವ ದಿನ ಮಡಚಿದ್ದು ಎಂದು ಕೇಳಿದರೆ ಆ ಸೊಸೆ ಗೋಡೆ ನೋಡಿ ಹೇಳುತ್ತಿದ್ದರು. ಕೃತಜ್ಞತೆಗೆಂದು ಬರೆದದ್ದು ಚಿಕಿತ್ಸೆಗೂ ದಾಖಲೆಯಾಯಿತು.

ದಿನವೂ ಬರೆಯುವುದು ಯಾಂತ್ರಿಕವಾಗುತ್ತಿದೆ ಎನಿಸಿದರೆ ವಾರಕ್ಕೊಮ್ಮೆ ಸಾಕು. ಬರೆಯಲು ಏನೂ ಇಲ್ಲದ ದಿನ ಚೌಕ ಖಾಲಿ ಇರಲಿ. ಸುಳ್ಳು ಬರೆದು ತುಂಬಬೇಡಿ.

ಐದನೆಯ ಹೆಜ್ಜೆ: ಕೃತಜ್ಞತೆ ಮನೆಯವರನ್ನು ತಲುಪಲಿ

ನಮ್ಮ ನಾಡಿನಲ್ಲಿ ಕೃತಜ್ಞತೆಗೆ ಬುತ್ತಿ ಕಟ್ಟಿಕೊಂಡು ಹೋಗುವ ಪದ್ಧತಿಯಿದೆ. ಎಳ್ಳಮಾವಾಸ್ಯೆಯ ದಿನ ಉತ್ತರ ಕರ್ನಾಟಕದ ರೈತರು ಸಜ್ಜೆ ರೊಟ್ಟಿ, ಪಲ್ಯ, ಹೋಳಿಗೆ ಕಟ್ಟಿಕೊಂಡು ಬಂಧುಬಳಗದೊಡನೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಎಡೆಯ ಅಡುಗೆಯನ್ನು ಪೈರಿಗೆ ಚೆಲ್ಲಿ ಅರ್ಪಿಸುತ್ತಾರೆ. ಮಲೆನಾಡಿನವರು ಭೂಮಿ ಹುಣ್ಣಿಮೆಯಂದು ಚಿತ್ತಾರ ಬರೆದ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ನಡೆಯುತ್ತಾರೆ. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರ ತೆನೆ ಹಬ್ಬದಲ್ಲಿ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು ಕಾಳು ಬಿಡಿಸಿ ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನುತ್ತಾರೆ. ಕೊಡಗಿನವರು ಪುತ್ತರಿಯಲ್ಲಿ ಮೊದಲ ಕದಿರನ್ನು ಕೊಯ್ದು ಮನೆ ತುಂಬಿಸಿಕೊಳ್ಳುತ್ತಾರೆ. ಅನ್ನ ಕೊಟ್ಟ ನೆಲಕ್ಕೆ ಹೀಗೆ ಕೈತುಂಬ ಕೊಡುವ ನಾವು ಮನೆಯೊಳಗೆ ದುಡಿಯುವವರಿಗೆ ಮಾತ್ರ ಒಂದು ಮಾತನ್ನೂ ಹೇಳುವುದಿಲ್ಲ. ಅತ್ತೆಯ ಬಟ್ಟೆ ಒಗೆಯುವ ಸೊಸೆಗೆ, ತಂದೆಯನ್ನು ಎತ್ತಿ ಕೂರಿಸುವ ಮಗನಿಗೆ “ಅದು ನಿನ್ನ ಕರ್ತವ್ಯ” ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಆರೈಕೆಯಲ್ಲಿರುವವರನ್ನು ಕೆಲಸಕ್ಕಿಂತ ಹೆಚ್ಚಾಗಿ ಈ ಮೌನವೇ ದಣಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

“ಥ್ಯಾಂಕ್ಸ್” ಎನ್ನುವುದು ಮನೆಯೊಳಗೆ ಮುಜುಗರವೆನಿಸಿದರೆ ಆ ಪದ ಬೇಡ. ಮಾಡಿದ ಕೆಲಸವನ್ನು ಹೆಸರಿಟ್ಟು ಹೇಳಿದರೆ ಸಾಕು: “ರಾತ್ರಿ ಎರಡು ಸಲ ಎದ್ದೆಯಲ್ಲ, ನನಗೆ ಗೊತ್ತಾಯ್ತು ಕಣಮ್ಮ. ಬೆಳಗ್ಗೆ ನೀನು ಮಲಗು, ತಿಂಡಿ ನಾನು ನೋಡ್ಕೋತೀನಿ.” ಈ ಮಾತಿನ ಎರಡನೆಯ ಭಾಗವೇ ಮುಖ್ಯ. ಕೆಲಸದ ಪಾಲು ಹೊರದ ಕೃತಜ್ಞತೆ ಕೇಳುವವರಿಗೆ ಚುಚ್ಚುತ್ತದೆ. ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದುಕೊಂಡು ವಾರಕ್ಕೊಮ್ಮೆ ವಿಡಿಯೋ ಕರೆ ಮಾಡಿ, “ನೀನಿದ್ದೀಯಲ್ಲ ಅಕ್ಕ, ನಮಗೆ ಚಿಂತೆಯಿಲ್ಲ” ಎನ್ನುವ ತಮ್ಮಂದಿರು ಈ ವಿಷಯವನ್ನು ವಿಶೇಷವಾಗಿ ಮನಸ್ಸಿಗೆ ತೆಗೆದುಕೊಳ್ಳಬೇಕು. ಅಕ್ಕ ತಿಂಗಳಲ್ಲಿ ಎರಡು ದಿನವಾದರೂ ಹೊರಗೆ ಹೋಗಿ ಬರಲೆಂದು ಹಿರಿಯರನ್ನು ನೋಡಿಕೊಳ್ಳುವವರಿಗೆ ಸಂಬಳ ಕೊಡುವುದು, ವರ್ಷಕ್ಕೊಮ್ಮೆ ರಜೆ ಹಾಕಿ ಬಂದು ಪೂರ್ತಿ ವಾರ ತಾವೇ ಹಾಸಿಗೆಯ ಪಕ್ಕ ಇರುವುದು, ಔಷಧದ ಬಿಲ್ಲನ್ನು ಕೇಳಿಸಿಕೊಳ್ಳುವ ಮೊದಲೇ ಕಟ್ಟುವುದು ಅವರ ಕೃತಜ್ಞತೆ. ದೇವಸ್ಥಾನದಲ್ಲಿ ಅಪ್ಪನ ಹೆಸರಿನಲ್ಲಿ ಮಾಡಿಸುವ ಅರ್ಚನೆ ಆಮೇಲಿನದು.

ಮನೆಯಲ್ಲಿ ನೋಡಿಕೊಳ್ಳಲು ಬರುವ ಹೆಂಗಸರಿಗೂ ಇದೇ ಮಾತು. ಅವರಿಗೆ ಹಬ್ಬಕ್ಕೊಂದು ಸೀರೆ ಕೊಟ್ಟು ಕೈತೊಳೆದುಕೊಳ್ಳಬಾರದು. ತಿಂಗಳ ಮೊದಲ ದಿನವೇ ಸಂಬಳ, ವಾರಕ್ಕೊಂದು ರಜೆ, ಮನೆಯವರು ಉಂಡದ್ದೇ ಊಟ, ಎತ್ತಿ ಕೂರಿಸುವಾಗ ಬೆನ್ನು ಹಿಡಿಯದಂತೆ ಇನ್ನೊಬ್ಬರ ಕೈಸಹಾಯ, ಇವು ಅವರಿಗೆ ಸಲ್ಲಬೇಕು. ರೋಗಿಯ ಬಾಯಿಯಿಂದ ಬಂದ ಬೈಗುಳವನ್ನು ಅವರೂ ನುಂಗಿಕೊಂಡಿರುತ್ತಾರೆ ಎಂಬುದನ್ನು ಮರೆಯಬೇಡಿ.

ಆರನೆಯ ಹೆಜ್ಜೆ: ಹಾಸಿಗೆಯಲ್ಲಿರುವವರನ್ನೂ ಸೇರಿಸಿಕೊಳ್ಳಿ

ಲಕ್ವದಿಂದ ಮಾತು ಹೋದವರಲ್ಲಿ ಕೆಲವರು ಹೊಸ ವಾಕ್ಯ ಕಟ್ಟಲಾರದೆ ಹೋದರೂ ಬಾಯಿಪಾಠವಾಗಿರುವ ಪ್ರಾರ್ಥನೆಯನ್ನೋ ಹಾಡನ್ನೋ ಹೇಳಬಲ್ಲರು; ಅಭ್ಯಾಸದ ಮಾತೂ ಹಾಡೂ ಹೊಸ ಮಾತಿನಷ್ಟು ಸುಲಭವಾಗಿ ಕೆಡುವುದಿಲ್ಲ. ಮರೆವಿನ ಕಾಯಿಲೆಯವರಲ್ಲೂ ಚಿಕ್ಕಂದಿನ ಭಜನೆಗಳು ಬಹುಕಾಲ ಉಳಿಯುತ್ತವೆ. ಒಂದು ಮನೆಯಲ್ಲಿ ಮಗನ ಹೆಸರು ಬಾಯಿಗೆ ಬಾರದೆ ಅಳುತ್ತಿದ್ದ ಅಜ್ಜಿಯೊಬ್ಬರು, ಸಂಜೆ ದೀಪ ಹಚ್ಚಿ ಸೊಸೆ ಶುರುಮಾಡಿದ ಸ್ತೋತ್ರದ ಎರಡನೆಯ ಸಾಲಿನಿಂದ ತಾವೂ ಸೇರಿಕೊಂಡು ಕೊನೆಯವರೆಗೆ ತಪ್ಪಿಲ್ಲದೆ ಹೇಳಿದ್ದನ್ನು ನಾನು ನೋಡಿದ್ದೇನೆ. ಅವರು ಸೊಸೆಯ ಮಣಿಕಟ್ಟು ಹಿಡಿದುಕೊಂಡು ತಾಳ ಹಾಕುತ್ತಿದ್ದರು. ಸಂಜೆ ದೀಪ ಹಚ್ಚಿದಾಗ, ಅಥವಾ ನಿಮ್ಮ ಮನೆಯಲ್ಲಿ ರೂಢಿಯಿರುವ ಹೊತ್ತಿನಲ್ಲಿ, ಅವರಿಗೆ ಕಂಠಪಾಠವಿರುವ ಒಂದನ್ನೇ ದಿನವೂ ನಿಧಾನವಾಗಿ ಹೇಳಿ. ಮುಂದಿನ ಪದಕ್ಕೆ ಸ್ವಲ್ಪ ತಡೆದು ನಿಲ್ಲಿ. ಬಂದರೆ ಸಂತೋಷ. ಬಾರದಿದ್ದರೆ ಪರೀಕ್ಷೆ ಮಾಡುವವರ ಹಾಗೆ ಒತ್ತಾಯಿಸಬೇಡಿ. ಜೀವಮಾನವಿಡೀ ದೇವರ ಗೊಡವೆಗೆ ಹೋಗದವರ ತಲೆಯ ಬಳಿ ಭಕ್ತಿಗೀತೆಯ ಯಂತ್ರವನ್ನು ಹಗಲಿರುಳು ಹಚ್ಚಿಡುವುದೂ ಸರಿಯಲ್ಲ. ಅವರಿಗೆ ಇಷ್ಟವಾದ ಹಳೆಯ ಹಾಡನ್ನು ಹಾಕಿ.

“ನಿಮಗೆ ಭಾರವಾದೆ” ಎಂದು ಹಿರಿಯರು ಕಣ್ಣೀರು ಹಾಕಿದಾಗ “ಛೆ, ಹಾಗೆಲ್ಲ ಅನ್ನಬೇಡಿ” ಎಂದು ಬಾಯಿ ಮುಚ್ಚಿಸುತ್ತೇವೆ. ಅದರ ಬದಲು ಅವರಿಂದ ಬಂದದ್ದೊಂದನ್ನು ನೆನಪಿಸಿ: “ನನ್ನ ಬಾಣಂತನದಲ್ಲಿ ಮೂರು ತಿಂಗಳು ನೀರು ಹಾಕಿದ್ದು ನೀವೇ ಅಲ್ವಾ ಅಮ್ಮ.” ಆಮೇಲೆ ಅವರಿಂದ ಆಗುವ ಒಂದು ಕೆಲಸವನ್ನು ಕೇಳಿಕೊಳ್ಳಿ: ಪರೀಕ್ಷೆಗೆ ಹೊರಟ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಹರಸುವುದು ಅವರಿಂದ ಆಗುತ್ತದೆ.

ಪ್ರಾರ್ಥನೆ ಬಾರದ ದಿನಗಳು

ಕೆಲವು ದಿನ ಬಾಯಿಗೆ ಒಂದು ನಾಮವೂ ಬಾರದು. ಆ ದಿನ ದೀಪ ಹಚ್ಚಿ ಕೈಮುಗಿದು ಎದ್ದು ಬನ್ನಿ. ಮನೆಯ ಇನ್ನೊಬ್ಬರು ಪ್ರಾರ್ಥಿಸಲಿ, ನೀವು ಕೇಳಿಸಿಕೊಳ್ಳಿ. ಆದರೆ ಎರಡು ವಾರಕ್ಕೂ ಮೀರಿ ನಿದ್ದೆಯಿಲ್ಲದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ರೋಗಿಯ ಮೇಲೆ ಕೈ ಎತ್ತುವಷ್ಟು ಸಿಟ್ಟು ಬರುತ್ತಿದ್ದರೆ ಅದನ್ನು ಭಕ್ತಿಯ ಕೊರತೆ ಎಂದು ತಿಳಿಯಬೇಡಿ. ಚಿಕಿತ್ಸೆ ಬೇಕಾದ ಸ್ಥಿತಿ ಅದು. ಸಾಯುವ ಯೋಚನೆ ಬಂದರೆ ಎರಡು ವಾರವಲ್ಲ, ಎರಡು ಗಂಟೆಯೂ ಕಾಯಬೇಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಯೋಜನೆಯ ಮುಖ್ಯ ಕೇಂದ್ರ. ಹಿರಿಯರಿಗೆ ಸಂಬಂಧಿಸಿದ ಮಾಹಿತಿ ಮತ್ತು ನೆರವಿಗೆ 14567 ಇದೆ. ಎರಡೂ ಸಂಖ್ಯೆಗಳನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನ ಮೇಲೇ ಬರೆದಿಡಿ.

ದುಃಖದಲ್ಲಿರುವ ಇನ್ನೊಬ್ಬರಿಗೆ “ಇರುವುದಕ್ಕೆ ಕೃತಜ್ಞರಾಗಿರಿ” ಎಂದು ಉಪದೇಶ ಮಾಡಬೇಡಿ. ಕೃತಜ್ಞತೆಯನ್ನು ತನಗೆ ತಾನು ಅಭ್ಯಾಸ ಮಾಡಿಕೊಳ್ಳಬಹುದೇ ಹೊರತು ಇನ್ನೊಬ್ಬರ ಮೇಲೆ ಹೇರಲಾಗದು.

ಬೇಡಿಕೆ ಬದಲಾಗುವ ಹೊತ್ತು

ಲಕ್ವದ ನಂತರದ ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ಹೆಚ್ಚು. ಆಗ “ಎದ್ದು ಓಡಾಡುವಂತಾಗಲಿ” ಎಂದು ಬೇಡುವುದು, ಅದಕ್ಕೆ ತಕ್ಕಂತೆ ವ್ಯಾಯಾಮ ಮಾಡಿಸುವುದು ಸಹಜ. ಕಾಲ ಕಳೆದು, ದೇಹ ಇಳಿಯುತ್ತ ಬಂದ ಮೇಲೂ ಅದೇ ಬೇಡಿಕೆಯನ್ನು ಹಿಡಿದು ಕೂತರೆ ದಿನದಿನವೂ ನಿರಾಶೆ ಕಟ್ಟಿಟ್ಟದ್ದು. ಆಗ “ಇವತ್ತು ನೋವು ಕಡಿಮೆಯಿರಲಿ”, “ಹುಣ್ಣು ಒಣಗಲಿ”, “ರಾತ್ರಿ ನೆಮ್ಮದಿಯಾಗಿ ಕಳೆಯಲಿ” ಎಂದು ಬೇಡಿಕೆಯನ್ನು ಆ ದಿನದ ಅಳತೆಗೆ ತಂದುಕೊಳ್ಳಿ. ಇವುಗಳಲ್ಲಿ ಹೆಚ್ಚಿನವಕ್ಕೆ ನಿಮ್ಮ ಕೈಯಲ್ಲೇ ಒಂದಷ್ಟು ಪರಿಹಾರವಿದೆ.

ಕೊನೆಯ ದಿನಗಳು ಹತ್ತಿರವಾದಾಗ “ನರಳಿಸಬೇಡ, ಸುಖವಾಗಿ ಕರೆದುಕೋ” ಎಂಬ ಮಾತು ಆರೈಕೆ ಮಾಡುವವರ ಮನಸ್ಸಿನಲ್ಲಿ ಬರುತ್ತದೆ. ಬಂದದ್ದಕ್ಕೆ ಅವರು ಗುಟ್ಟಾಗಿ ನಾಚಿಕೊಳ್ಳುತ್ತಾರೆ, ಅಪ್ಪನ ಸಾವನ್ನೇ ಬಯಸಿದೆನಲ್ಲ ಎಂದು ವರ್ಷಗಟ್ಟಲೆ ನೊಂದುಕೊಳ್ಳುತ್ತಾರೆ. ಆಯಾಸವಿಲ್ಲದ ಮರಣ, ದೈನ್ಯವಿಲ್ಲದ ಬದುಕು ಎರಡನ್ನೂ ಒಟ್ಟಿಗೆ ಬೇಡುವ ಸಂಸ್ಕೃತ ಶ್ಲೋಕ ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರ ನಿತ್ಯ ಪ್ರಾರ್ಥನೆಯಲ್ಲೇ ಇದೆ; ಅವರು ತಮಗಾಗಿ ಬೇಡಿಕೊಂಡದ್ದನ್ನೇ ನೀವು ಅವರ ಪರವಾಗಿ ಬೇಡುತ್ತಿದ್ದೀರಿ. ರೋಗಿಗೆ ಕೇಳಿಸುವಂತೆ ಹೇಳದಿದ್ದರೆ ಸಾಕು. ಆ ಪ್ರಾರ್ಥನೆಗೂ ಜೊತೆಗೂಡುವ ಕೆಲಸಗಳಿವೆ: ನೋವು ತಗ್ಗಿಸುವ ಔಷಧ ಸಾಕಷ್ಟು ಸಿಗುತ್ತಿದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳುವುದು, ಮೂಗಿನ ಮೂಲಕ ಆಹಾರ ಕೊಡುವ ನಳಿಕೆ, ವೆಂಟಿಲೇಟರ್ ಬೇಕೇ ಎಂಬ ಪ್ರಶ್ನೆ ಆಸ್ಪತ್ರೆಯ ಬಾಗಿಲಲ್ಲಿ ಎದುರಾಗುವ ಮೊದಲೇ ಅಣ್ಣ ತಮ್ಮ ಅಕ್ಕ ತಂಗಿಯರೆಲ್ಲ ಕೂತು ಮಾತಾಡುವುದು, ಹಿರಿಯರು ಗಟ್ಟಿಯಾಗಿದ್ದಾಗ ಈ ಬಗ್ಗೆ ಏನು ಹೇಳಿದ್ದರು ಎಂಬುದನ್ನು ನೆನಪು ಮಾಡಿಕೊಂಡು ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೆ ಕೊಡುವುದು.